ಬಿಳಿ ಹಡಗಿನ ಸಣ್ಣ ದೋಣಿ

ಕಾರ್ತಿಕದ ಒಂದು ನಸುಕಿನಲ್ಲಿ, ಕಾರವಾರದ ಕಡಲ ಮೇಲೆ ಮಂಜು ಹರಿಯುವ ಮೊದಲೇ, ನನ್ನನ್ನು ನೀರಿಗಿಳಿಸಿದರು. ನಾನೊಂದು ಯಂತ್ರದ ದೋಣಿ. ನೌಕಾಪಡೆಯ ಬಿಳಿ ಆಸ್ಪತ್ರೆ ಹಡಗಿನ ಪಕ್ಕದಲ್ಲಿ ತೂಗಾಡುವುದು ನನ್ನ ಮನೆ. ದೊಡ್ಡ ಹಡಗು ದಡದವರೆಗೆ ಬರಲಾರದು. ರೋಗಿಗಳನ್ನು ಕರೆತರುವುದು ನನ್ನ ಕೆಲಸ. ಹಾಗೆಂದು ಹೇಳಿದ್ದರು.

ನನ್ನನ್ನು ನಡೆಸುತ್ತಿದ್ದವನು ಅಂಕೋಲೆಯ ಬೊಮ್ಮಯ್ಯ ಹರಿಕಂತ್ರ. ಜೊತೆಗೆ ಹೊನ್ನಾವರದ ನರ್ಸ್ ಫಿಲೋಮಿನಾ.

ಒಮ್ಮೆ ದೂರದ ದ್ವೀಪವೊಂದಕ್ಕೆ ಹೋದೆವು. ಎರಡು ದೇಶಗಳ ಸ್ನೇಹಕ್ಕಾಗಿ ಚಿಕಿತ್ಸೆ. ಗುರುವಾರ ಮುಗಿಸಿ, ಶುಕ್ರವಾರ ಹೊರಡುವುದು. ಸಲೀಮಾ ಎಂಬಾಕೆ ಸೀಳು ತುಟಿಯ ಮಗಳು ನೂರಾಳನ್ನು ಕರೆತಂದಳು. "ಬುಧವಾರ ತುಟಿ ಹೊಲಿಯುತ್ತೇವೆ. ಅಂದು ಮಗುವಿಗೆ ಏನೂ ತಿನ್ನಿಸಬೇಡಿ," ಎಂದು ಫಿಲೋಮಿನಾ ಹಿಂದಿಯಲ್ಲಿ ಹೇಳಿದಳು. ದ್ವೀಪದವರಿಗೆ ಸಿನೆಮಾ ನೋಡಿ ಕಲಿತ ಹಿಂದಿ ಸಾಕಷ್ಟಿತ್ತು.

ಬುಧವಾರ ಸಲೀಮಾ ದೋಣಿ ಹತ್ತಿ, ತೆಂಗಿನಕಾಯಿಯ ಸಿಹಿಯ ಡಬ್ಬಿ ಬಿಚ್ಚಿದಳು. ಬೊಮ್ಮಯ್ಯ ಹಿಂಜರಿದ.

"ತಗೊಳಾ ಬೊಮ್ಮಯ್ಯ. ಬೇಡ ಅಂದ್ರೆ ಬೇಜಾರಾಗ್ತದೆ ಅವ್ರಿಗೆ. ಸ್ನೇಹಕ್ಕೆ ಬಂದವ್ರಲ್ವಾ ನಾವು!" ಎಂದಳು ಫಿಲೋಮಿನಾ.

ಅತಿಥಿಗೆ ಕೊಡುವ ಮೊದಲು ಮನೆಯ ಮಗು ಒಂದು ತುತ್ತು ತಿನ್ನಬೇಕು. ಅದು ಆ ದ್ವೀಪದ ಮರ್ಯಾದೆ. ನೂರಾ ತಿಂದಳು.

"ಅಯ್ಯೋ, ಮಗುಗೆ ಎಂತಕ್ಕೆ ಕೊಟ್ರು?" ಫಿಲೋಮಿನಾ ಕೂಗಿದಳು.

"ನೀವೇ ಅಲ್ವಾ ಸಿಸ್ಟರೇ, ತಗೊ ಹೇಳಿದ್ದು!"

ಒಂದು ತುತ್ತು ತಿಂದರೂ ಮಗುವಿಗೆ ಅರಿವಳಿಕೆ ಕೊಡುವಂತಿಲ್ಲ. ಗುರುವಾರಕ್ಕೆ ಮುಂದೂಡಿದರು.

ಗುರುವಾರ ನನಗೆ ಹೂವಿನ ಹಾರ ಹಾಕಿದರು. ಹಡಗು ನೋಡಲು ಗಣ್ಯರು ಬಂದರು, ಹೋದರು, ಫೋಟೊ ಸರಿಬಂದಿಲ್ಲವೆಂದು ಮತ್ತೆ ಬಂದರು. ಪ್ರತಿ ಸಲವೂ ದಡದಲ್ಲಿ ಹಸಿದ ನೂರಾ ಎದ್ದು ನಿಲ್ಲುತ್ತಿದ್ದಳು. ಪ್ರತಿ ಸಲವೂ ಬೇರೆ ಯಾರೋ ನನ್ನನ್ನು ಹತ್ತುತ್ತಿದ್ದರು. ನನಗೆ ಚುಕ್ಕಾಣಿ ಇತ್ತು, ಹಿಡಿಯುವ ಕೈ ನನ್ನದಾಗಿರಲಿಲ್ಲ.

"ಇವ್ರಿಗೆ ಫೋಟೊಕ್ಕೆ ನಗುಕೆ ಟೈಮಿದೆ," ಎಂದು ಬೊಮ್ಮಯ್ಯ ಹಲ್ಲು ಕಚ್ಚಿದ, "ಆ ಹುಡ್ಗಿ ನಗುದು ಯಾವಾಗ?"

ಕೊನೆಗೆ ಅವಳನ್ನು ಹಡಗಿಗೆ ಮುಟ್ಟಿಸಿದಾಗ ಶಸ್ತ್ರಚಿಕಿತ್ಸೆಯ ಕೋಣೆ ತೊಳೆದು ಮುಚ್ಚಿದ್ದರು. ವಾಪಸು ಬಿಡುವಾಗ, ನಾಳೆ ಬರಲೇ ಎಂದು ಸಲೀಮಾ ಕೇಳಿದಳು. ಇಲ್ಲ ಎನ್ನಲು ಫಿಲೋಮಿನಾಗೆ ಬಾಯಿ ಬರಲಿಲ್ಲ. "ನೋಡೋಣ," ಎಂದಳು. ನಮ್ಮ ಕಡೆ ಅದು ಇಲ್ಲವೆಂದೇ ಎಲ್ಲರಿಗೂ ಗೊತ್ತು. ಅವರಿಗೆ ಹೇಗೆ ಗೊತ್ತಾಗಬೇಕು?

ಈಗ ಬಣ್ಣ ಎದ್ದುಹೋಗಿ, ಕಾರವಾರದ ಗುಜರಿಯವನ ಹಿತ್ತಲಲ್ಲಿ ಬೋರಲು ಬಿದ್ದಿದ್ದೇನೆ. ಆ ಫೋಟೊ ಎಲ್ಲೋ ಗೋಡೆಯ ಮೇಲಿರಬಹುದು. ಸ್ನೇಹ ಬೆಳೆಯಿತು ಎಂದೂ ಬರೆದಿರಬಹುದು. ನನಗೆ ನೆನಪಿರುವುದು ಬೇರೆ. ನನ್ನನ್ನು ಹಗ್ಗದಲ್ಲಿ ಮೇಲೆತ್ತಿ ಕಟ್ಟುತ್ತಿದ್ದರು. ದಡದಲ್ಲಿ ನೂರಾ ತಾಯಿಯ ಕೈಹಿಡಿದು ನಿಂತಿದ್ದಳು, ಏನೂ ತಿನ್ನದೆ. ನಾವು ಹೊರಟುಹೋದೆವು. ಅಂದು ಶುಕ್ರವಾರ.