ಮೈಸೂರಿನ ಶಾಯಿ, ಎರಡು ವೋಟು

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ ಮಾಡುವ ರಘೋತ್ತಮನಿಗೆ ಸೋಮವಾರ ಸಿಟಿಜನ್‌ಶಿಪ್ ಇಂಟರ್ವ್ಯೂ. ಅದು ಕೈಗೂಡಿದರೆ ಮೈಸೂರಿನಲ್ಲಿರುವ ತಂಗಿ ಪ್ರಭಾಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಅವಳು ಐದು ವರ್ಷದಿಂದ ಪ್ರತಿ ಕಾಗದದಲ್ಲೂ ಅದನ್ನೇ ಕೇಳುತ್ತಿದ್ದಳು. ಇಂಥ ಹೊತ್ತಿನಲ್ಲಿ ಬುದ್ಧಿ ಇರುವವನು ಶನಿವಾರ ಮನೆಯಲ್ಲಿ ತೆಪ್ಪಗೆ ಬಿದ್ದಿರುತ್ತಾನೆ. ರಘೋತ್ತಮ ಹೋಗಿ ಇನ್ನೊಂದು ದೇಶದ ಚುನಾವಣಾಧಿಕಾರಿಯಾದ.

ಆ ದೇಶ ಪಶ್ಚಿಮ ಆಫ್ರಿಕಾದ್ದು. ಹೆಸರು ಬೇಡ, ಹೇಳಿದರೆ ಎರಡೂ ಪಕ್ಷದವರು ಜಗಳಕ್ಕೆ ಬರುತ್ತಾರೆ. ನಾಲ್ಕು ವರ್ಷದ ಅಂತರ್ಯುದ್ಧ ಮುಗಿದು 1986ರಲ್ಲಿ ಮೊದಲ ಚುನಾವಣೆ. ಹೊರದೇಶದಲ್ಲಿ ಇರುವವರಿಗೂ ಮತದ ಹಕ್ಕು ಸಿಕ್ಕಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಇಡೀ ಬೇ ಏರಿಯಾದಲ್ಲಿ ಅಂಥ ಮತದಾರರು ಇಬ್ಬರೇ: ರಘೋತ್ತಮನ ಲ್ಯಾಬಿನ ಸೋಲೊಮನ್, ಬೆರ್ರಿಯೆಸಾದ ಗಣಿತದ ಮೇಷ್ಟ್ರು ಬೊಕರಿ. ಊರಲ್ಲಿ ಇಬ್ಬರೂ ಒಂದೇ ಬೀದಿಯವರು. ಯುದ್ಧದಲ್ಲಿ ಸೋಲೊಮನ್‌ನ ಕಡೆಯವರು ಬೊಕರಿಯ ಮನೆ ಸುಟ್ಟರು, ಬೊಕರಿಯ ಕಡೆಯವರು ಸೋಲೊಮನ್‌ನ ಅಣ್ಣನನ್ನು ಕೊಂದರು. ಅಂದಿನಿಂದ ಮಾತಿಲ್ಲ.

ಅವರ ಮಧ್ಯೆ ಕೂರಲು ಯಾವ ಕಡೆಗೂ ಸೇರದ ಒಬ್ಬ ಬೇಕಿತ್ತು. ರಘೋತ್ತಮ ಆಗುವುದಿಲ್ಲ ಎನ್ನುವವನಿದ್ದ. ಅಷ್ಟರಲ್ಲಿ ಸೋಲೊಮನ್, ತನ್ನ ದೇಶದ ಚುನಾವಣಾ ಆಯೋಗ ಕಳಿಸಿದ್ದ, ಬೆರಳಿಗೆ ಹಚ್ಚುವ ಶಾಯಿಯ ಪುಟ್ಟ ಸೀಸೆ ತೋರಿಸಿದ. ಅದರ ಮೇಲೆ ಮೈಸೂರು ಎಂದಿತ್ತು. ಹುಟ್ಟಿದೂರಿನ ಹೆಸರು ಕಂಡದ್ದೇ ತಡ, ಇವನು ಬೆಣ್ಣೆಯಂತೆ ಕರಗಿಹೋದ.

ಸ್ಯಾನ್ ಮಟಿಯೋದಲ್ಲಿನ ರಘೋತ್ತಮನ ಗ್ಯಾರೇಜೇ ಮತಗಟ್ಟೆ. ಅವನ ಹೆಂಡತಿ ವಸುಧಾಳ ಹಳೇ ಸೀರೆಯೇ ಪರದೆ. ಅರವತ್ತು ಪುಟದ ನಿಯಮಪುಸ್ತಕದ ಪ್ರಕಾರ ಕ್ಯೂ ಕಡ್ಡಾಯ. ಒಬ್ಬನ ಹಿಂದೆ ಇನ್ನೊಬ್ಬ ನಿಲ್ಲಲು ಸುತರಾಂ ಒಪ್ಪದ್ದರಿಂದ ಒಬ್ಬೊಬ್ಬನದೇ ಎರಡು ಕ್ಯೂ ಆದವು.

ಬೊಕರಿ ಬೆರಳು ಚಾಚಲಿಲ್ಲ. "ಸೀಸೆ ಬಂದಿರೋದು ಅವನ ಕೈಯಿಂದ. ವಿಷ ಇದ್ದರೆ? ಮೊದಲು ನೀವು ಹಚ್ಚಿಕೊಳ್ಳಿ."

ರಘೋತ್ತಮ ಎಡಗೈಯ ತೋರುಬೆರಳಿಗೆ, ಉಗುರೂ ಚರ್ಮವೂ ಸೇರುವಲ್ಲಿ ಒಂದು ಗೆರೆ ಎಳೆದುಕೊಂಡ.

"ಅವನಿಗಾಗಿ ಹಚ್ಚಿಕೊಂಡಿರಿ. ನನಗಾಗಿ?" ಎಂದ ಸೋಲೊಮನ್.

ನ್ಯಾಯವೇ. ಬಲಗೈಗೂ ಎಳೆದುಕೊಂಡ. ಮತ ಹಾಕಿದವರಿಗೆ ಒಂದೊಂದು ಗುರುತು, ಹಾಕದವನಿಗೆ ಎರಡು.

"ರೀ, ಸೋಮವಾರ ಇಂಟರ್ವ್ಯೂ ಇಟ್ಕೊಂಡು ಇದೇನ್ರೀ ಬಳ್ಕೊಂಡಿದೀರಾ?" ವಸುಧಾ ಹಣೆ ಚಚ್ಚಿಕೊಂಡಳು.

"ತೊಳೆದ್ರೆ ಹೋಗುತ್ತೆ ಕಣೆ."

"ನಿಮ್ಮೂರೋರು ಮಾಡಿದ್ದಲ್ವಾ? ನಿಮ್ಮ ಹಟಾನೇ ಹೋಗಲ್ಲ, ಇದು ಹೋಗುತ್ತಾ?"

ನಿಂಬೆಹಣ್ಣು ಆಯಿತು, ಹುಣಸೆಹಣ್ಣು ಆಯಿತು, ಬ್ಲೀಚು ಆಯಿತು. ಬೆರಳು ಕೆಂಪಾಯಿತು, ಶಾಯಿ ಮಾತ್ರ ಇನ್ನಷ್ಟು ಕಪ್ಪಾಯಿತು. ಪ್ರತಿ ಸಲ ಸೋತಾಗಲೂ ರಘೋತ್ತಮನಿಗೆ ಸೋಮವಾರದ ಭಯ ಹೆಚ್ಚುತ್ತಿತ್ತು. ಜೊತೆಗೆ, ನಾಚಿಕೆಯಿಲ್ಲದೆ, ಒಂದಿಷ್ಟು ಹೆಮ್ಮೆಯೂ ಆಗುತ್ತಿತ್ತು.

ಸೋಮವಾರ ಇಂಟರ್ವ್ಯೂ ಅಧಿಕಾರಿ ಫೈಲು ತಿರುವುತ್ತಾ ಕೇಳಿದ. "ಇತ್ತೀಚೆಗೆ ಬೇರೆ ದೇಶದ ಚುನಾವಣೆಯಲ್ಲಿ ಮತ ಹಾಕಿದ್ದೀರಾ?"

"ಇಲ್ಲ."

ಅಧಿಕಾರಿಯ ಕಣ್ಣು ಎಡಗೈ ಮೇಲೆ ಹೋಯಿತು, ಆಮೇಲೆ ಬಲಗೈ ಮೇಲೆ. "ಎರಡು ಸಲ?"

ಪುಣ್ಯಕ್ಕೆ ವಸುಧಾ ಇಬ್ಬರಿಗೂ ಫೋನ್ ಮಾಡಿ ಕರೆಸಿದ್ದಳು. ಹೊರಗೆ ಒಂದೊಂದು ಮೂಲೆ ಹಿಡಿದು ಕೂತಿದ್ದರು. ಒಳಗೆ ಕರೆದಾಗ ಇಬ್ಬರೂ ಒಟ್ಟಿಗೆ ಹೇಳಿದರು: "ಇವರು ಮತ ಹಾಕಿಲ್ಲ." ಯುದ್ಧ ಶುರುವಾದಂದಿನಿಂದ ಅವರಿಬ್ಬರೂ ಒಪ್ಪಿದ ಮೊದಲ ಸಂಗತಿ ಅದು.

ಬರೆದು ಸಹಿ ಹಾಕಿ ಎಂದ ಅಧಿಕಾರಿ. ಮೊದಲ ಸಹಿ ಯಾರದು? ಮುಕ್ಕಾಲು ಗಂಟೆ ಜಗ್ಗಾಡಿದರು. ಒಬ್ಬನ ಸಹಿಯ ಕೆಳಗೆ ಇನ್ನೊಬ್ಬ ಹಾಕಲಾರ. ಕೊನೆಗೆ ಒಬ್ಬ ಕಾಗದದ ಈ ಮಗ್ಗುಲಿಗೆ, ಇನ್ನೊಬ್ಬ ಆ ಮಗ್ಗುಲಿಗೆ ಹಾಕಿದರು. ಅಧಿಕಾರಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಸುಸ್ತಾದ. "ಆ ಗುರುತು ಹೋದ ಮೇಲೆ ಬನ್ನಿ" ಎಂದು ಫೈಲು ಮುಚ್ಚಿದ.

ಚರ್ಮದ ಮೇಲಿನದು ತಿಂಗಳಲ್ಲಿ ಹೋಯಿತು. ಉಗುರಿನದು ದಿನಕ್ಕೊಂದು ಕೂದಲೆಳೆಯಷ್ಟು ಮೇಲೇರಿತು. ನಾಲ್ಕು ತಿಂಗಳಾದ ಮೇಲೆ ತುದಿಯಲ್ಲೊಂದು ಕಪ್ಪು ಗೆರೆ ಉಳಿದಿತ್ತು. ಮರುದಿನವೇ ಹೊಸ ಇಂಟರ್ವ್ಯೂ. ಸಂಜೆ ವಸುಧಾ ನೇಲ್ ಕಟರ್ ಹಿಡಿದು ಕೂತಿದ್ದಾಗ ಸೋಲೊಮನ್ ಬಂದ. ಹಿಂದೆಯೇ ಬೊಕರಿ. ಇಬ್ಬರೂ ಒಂದೇ ಕಾರಿನಲ್ಲಿ ಬಂದಿದ್ದರು.

"ನಿನ್ನೆ ಸೈನ್ಯ ನುಗ್ಗಿದೆ. ಗೆದ್ದವನು ಓಡಿಹೋದ, ಸೋತವನು ಜೈಲಿನಲ್ಲಿದ್ದಾನೆ. ಮತಪೆಟ್ಟಿಗೆಗಳನ್ನೆಲ್ಲ ಸುಟ್ಟರಂತೆ" ಎಂದ ಸೋಲೊಮನ್.

ಅವರಿಬ್ಬರ ಉಗುರಿನ ತುದಿಯಲ್ಲೂ ಅದೇ ಗೆರೆ ಇತ್ತು. ಮೈಸೂರಿನ ಶಾಯಿ ಇನ್ನೂ ಇತ್ತು, ಆರಿಸಿಬಂದ ಸರ್ಕಾರವೇ ಇರಲಿಲ್ಲ.

"ನಾನು ಕತ್ತರಿಸಲೇಬೇಕು. ತಂಗಿ ಕಾಯ್ತಿದಾಳೆ" ಎಂದ ರಘೋತ್ತಮ, ತಪ್ಪು ಮಾಡಿದವನ ಹಾಗೆ.

"ಕತ್ತರಿಸಿ" ಎಂದ ಬೊಕರಿ. "ಆದರೆ ನಿಯಮ ಐವತ್ತೆರಡು: ಚುನಾವಣೆಯ ದಾಖಲೆಗಳನ್ನು ಜೋಪಾನವಾಗಿ ಇಡತಕ್ಕದ್ದು."

ಮೂವರೂ ಉಗುರು ಕತ್ತರಿಸಿದರು. ನಾಲ್ಕು ಕಪ್ಪು ಚೂರುಗಳನ್ನು ಬೊಕರಿ ಲಕೋಟೆಗೆ ಹಾಕಿ, ಅಂಟಿಸಿ, ಮೇಜಿನ ಮೇಲಿಟ್ಟ. ಅಂಟಿಸಿದ ಕಡೆ ಮತದಾರರ ಸಹಿ ಬೇಕು. ಇನ್ನು ಮುಕ್ಕಾಲು ಗಂಟೆ ಎಂದುಕೊಂಡು ವಸುಧಾ ಕಾಫಿಗೆ ಎದ್ದಳು.

ಬೊಕರಿ ಜೇಬಿನಿಂದ ಪೆನ್ನು ತೆಗೆದು ಸೋಲೊಮನ್‌ನ ಕೈಗೆ ಕೊಟ್ಟ.

"ಮೊದಲು ನೀನು ಹಾಕು" ಎಂದ.