ಗುಳ್ಳೆ ನಿಲ್ಲುವವರೆಗೆ

ದೋಣಿಯಲ್ಲಿ ಜನ ಕೂತಾಗಿತ್ತು. ಮೋಟಾರಿನ ಮುಚ್ಚಳ ಮಾತ್ರ ಇನ್ನೂ ಬಿಚ್ಚಿಯೇ ಇತ್ತು, ಅದರ ಮುಂದೆ ಮಗಳು ಮಂಡಿಯೂರಿದ್ದಳು. ಮೋಟಾರು ಚಾಲೂ ಆಗಬೇಕಾದರೆ ಅದಕ್ಕೊಂದು ಕೆಂಪು ಕ್ಲಿಪ್ ಸಿಕ್ಕಿಸಬೇಕು. ಆ ಕ್ಲಿಪ್ಪನ್ನು ಅವಳು ದಾರದ ಸಮೇತ ಕೊರಳಿಗೆ ಹಾಕಿಕೊಂಡಿದ್ದಳು.

"ಸೀಳಿದ ಆಯಿಲ್ ಪೈಪ್ ತೆಗೆದು ಹೊಸದು ಹಾಕಿದ್ದೀನಿ, ಟ್ಯಾಂಕ್ ತುಂಬ ಆಯಿಲ್ ಇದೆ. ಇನ್ನೇನಂತೆ ಇದರ ರಗಳೆ?" ಎಂದ ಅಪ್ಪ.

"ಪೈಪಲ್ಲಿ ಗಾಳಿ ಇದೆ. ಆಯಿಲ್ ಮುಂದೆ ಹೋಗಲ್ಲ."

"ಗಾಳಿಯಂತೆ ಗಾಳಿ. ಕೊಡಿಲ್ಲಿ ಕ್ಲಿಪ್ಪು."

"ಕೊಡಲ್ಲ."

ಹಿಂದೊಮ್ಮೆ ಅಪ್ಪ ಹೀಗೆಯೇ ಪೈಪು ಬದಲಿಸಿ ಕೊಟ್ಟಿದ್ದ, ಮಗಳು ತೆಪ್ಪಗೆ ದೋಣಿ ಬಿಟ್ಟಿದ್ದಳು. ನಡುನೀರಿನಲ್ಲಿ ಆಯಿಲ್ ಸಿಗದೆ ಪಿಸ್ಟನ್ ಕಚ್ಚಿಕೊಂಡು ಮೋಟಾರು ನಿಂತೇಹೋಯಿತು. ಜನ ಹಲಗೆ, ಚಪ್ಪಲಿ, ಕೈಗೆ ಸಿಕ್ಕಿದ್ದರಲ್ಲೆಲ್ಲ ನೀರು ತಳ್ಳಿ ದಡ ಸೇರಿದರು. ಅಪ್ಪ ಹಿಂದೆಮುಂದೆ ನೋಡದೆ ಎಲ್ಲರೆದುರು ಹೇಳಿಬಿಟ್ಟ, ಇವಳು ಆಯಿಲ್ ಹಾಕೋದು ಮರೆತಳು ಅಂತ. ಟ್ಯಾಂಕ್ ತುಂಬಿಯೇ ಇತ್ತು ಅಂತ ಅವಳು ಬಡಕೊಂಡದ್ದು ಯಾರ ಕಿವಿಗೂ ಬೀಳಲಿಲ್ಲ. ಮೋಟಾರು ರಿಪೇರಿಯಾಯಿತು, ಅವಳ ಹೆಸರು ಆಗಲಿಲ್ಲ. ಅಂದಿನಿಂದ ಚುಕ್ಕಾಣಿ ಅವನದು, ದೋಣಿಯ ಹಗ್ಗ ಕಟ್ಟುವುದು ಬಿಚ್ಚುವುದು ಅವಳದು. ಆ ಅವಮಾನವನ್ನು ಇಷ್ಟು ದಿನ ನುಂಗಿಕೊಂಡಿದ್ದಳು. ಇವತ್ತು ನುಂಗುವ ಯೋಚನೆ ಇರಲಿಲ್ಲ.

ಆಯಿಲ್ ಪಂಪಿನ ಬದಿಯ ಪುಟ್ಟ ಸ್ಕ್ರೂ ಸಡಿಲಿಸಿ ಕೆಳಗೆ ಹಳೇ ಬಟ್ಟೆ ಹಿಡಿದಳು. ಆಯಿಲ್ ಒಸರಿತು, ಜೊತೆಗೊಂದು ಗುಳ್ಳೆ, ಮತ್ತೊಂದು ಗುಳ್ಳೆ.

"ಬೇಗ ಆಗ್ಲಮ್ಮ," ಎಂದ ದರ್ಜಿ, ಮಡಿಲಲ್ಲಿದ್ದ ಹೊಸ ಕೋಟು ಸವರುತ್ತ. "ಆಚೆ ದಡದಲ್ಲಿ ಮದುಮಗ ಬನಿಯನ್ನಲ್ಲಿ ನಿಂತಿದ್ದಾನೆ."

"ಅವತ್ತು ಚಪ್ಪಲಿಯಲ್ಲಿ ಹುಟ್ಟು ಹಾಕಿದ್ರಲ್ಲ, ಇವತ್ತೂ ಹಾಕ್ತೀರಾ?" ಎಂದಳು ಮಗಳು.

ದರ್ಜಿ ಕಾಲು ಒಳಗೆಳೆದುಕೊಂಡ.

ಗುಳ್ಳೆ ನಿಂತ ಹಾಗೆ ಕಂಡಿತು. "ಆಯ್ತಲ್ಲ, ಬಿಗಿ ಮಾಡು," ಎಂದು ಅಪ್ಪ ತಾನೇ ಕೈ ಹಾಕಿದ. ಅವಳು ಜಗ್ಗದೆ ಪೈಪು ಬಾಗಿದ ಕಡೆ ಬೆರಳಿನಿಂದ ತಟ್ಟಿದಳು. ಒಳಗೆ ಅಡಗಿದ್ದ ಗಾಳಿ ಕಡಲೆಕಾಳಿನಷ್ಟು ದೊಡ್ಡ ಗುಳ್ಳೆಯಾಗಿ ಬಂದು ಅಪ್ಪನ ಬೆರಳ ಮೇಲೇ ಒಡೆಯಿತು.

ಅಪ್ಪ ಬೆರಳು ನೋಡಿಕೊಂಡ. "ಅವತ್ತು ಟ್ಯಾಂಕ್ ನಿಜವಾಗ್ಲೂ ತುಂಬಿತ್ತಾ?" ಎಂದು ಮೆಲ್ಲಗೆ ಕೇಳಿದ.

"ತುಂಬಿತ್ತು. ಹೇಳಿದ್ನಲ್ಲ."

"ಸರಿ ಬಿಡು, ಈಗ ಗೊತ್ತಾಯ್ತು. ಕ್ಲಿಪ್ ಹಾಕು."

"ನಿಂಗೊಬ್ನಿಗೆ ಗೊತ್ತಾದ್ರೆ ಸಾಲದು. ಅವತ್ತು ಎಲ್ರ ಮುಂದೆ ಹೇಳಿದ್ಯಲ್ಲ, ಇವತ್ತೂ ಎಲ್ರ ಮುಂದೆ ಹೇಳು."

ಬರೀ ಆಯಿಲ್ ಬರತೊಡಗಿದ ಮೇಲೆ ಸ್ಕ್ರೂ ಬಿಗಿದು, ಮುಚ್ಚಳ ಕೂರಿಸಿ, ಕೈ ಒರೆಸಿಕೊಂಡಳು. ಮೊದಲ ಓಟಕ್ಕೆ ಇರಲಿ ಅಂತ ಪೆಟ್ರೋಲಿಗೂ ಒಂದಿಷ್ಟು ಆಯಿಲ್ ಬೆರೆಸಿಟ್ಟಿದ್ದಳು. ಎಲ್ಲ ತಯಾರಾಗಿತ್ತು, ಅಪ್ಪನ ಬಾಯೊಂದನ್ನು ಬಿಟ್ಟು.

ಅಪ್ಪ ನೀರು ನೋಡಿದ, ದಡ ನೋಡಿದ, ದರ್ಜಿಯ ಕೋಟು ನೋಡಿದ. ಯಾವುದೂ ಅವನ ನೆರವಿಗೆ ಬರಲಿಲ್ಲ.

"ಅವತ್ತು ಇವ್ಳು ಆಯಿಲ್ ಮರೆತಿರ್ಲಿಲ್ಲ," ಎಂದ. "ಗಾಳಿ ತೆಗೀದೆ ಬಿಟ್ಟಿದ್ದು ನಾನು."

"ಮುಂದೆ ಕೂತವ್ರಿಗೆ ಕೇಳ್ಲಿಲ್ಲ," ಎಂದಳು ಮಗಳು.

ಅಪ್ಪ ಇನ್ನೊಮ್ಮೆ ಹೇಳಿದ, ಈ ಸಲ ಗಟ್ಟಿಯಾಗಿ.

ಅವಳು ಕ್ಲಿಪ್ ಸಿಕ್ಕಿಸಿ ಮೋಟಾರು ಚಾಲೂ ಮಾಡಿದಳು. ಅಪ್ಪ ಅಭ್ಯಾಸಬಲದಿಂದ ಚುಕ್ಕಾಣಿಗೆ ಕೈ ಚಾಚಿದ. ಅಲ್ಲಿ ಅವಳ ಕೈ ಆಗಲೇ ಇತ್ತು.

"ಹಗ್ಗ ಬಿಚ್ಚಪ್ಪ," ಎಂದಳು.