ಕಸೂತಿಯಮ್ಮನ ಕೈಗೆ ಹಿಡಿದ ಜೋಮು

ಕಸೂತಿಯಮ್ಮ ತನ್ನ ಮಷಿನ್ ಮಾರಿಬಿಡುವುದೆಂದು ತೀರ್ಮಾನಿಸಿದ್ದಳು. ಶುಕ್ರವಾರ ಬೆಳಿಗ್ಗೆ ಪಕ್ಕದ ಬೀದಿಯ ಟೋಪಿ ಹೊಲಿಯುವವನು ಬಂದು ತೆಗೆದುಕೊಂಡು ಹೋಗುವುದೆಂದು ಮಾತೂ ಆಗಿತ್ತು. ಸುದ್ದಿ ಕೇಳಿ ಬೀದಿಗೆ ಬೀದಿಯೇ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು.

ಆ ಕೈಯ ಹೆಸರು ಅಂಥದ್ದು. ಯಾರ ಅಂಗಿಯ ಜೇಬಿನ ಮೇಲೆ ಹೆಸರು ಮೂಡಬೇಕಾದರೂ, ಯಾರ ದಿಂಬಿನ ಮೇಲೆ ಹೂವು ಅರಳಬೇಕಾದರೂ ಅವಳೇ ಆಗಬೇಕು. ಮೊದಲೆಲ್ಲ ಸೂಜಿ ದಾರ, ಈಗ ಎರಡು ವರ್ಷದಿಂದ ಕರೆಂಟಿನ ಕಸೂತಿ ಮಷಿನ್. ಅವಳ ಹುಟ್ಟುಹೆಸರು ಏನೆಂದು ಕೇಳಿದರೆ ಕಟ್ಟಿಕೊಂಡ ಗಂಡನೇ ಒಂದು ಗಳಿಗೆ ಯೋಚಿಸಿ ಹೇಳಬೇಕು.

ಗಂಡನಿಗೂ ಅಡ್ಡಹೆಸರೇ ಗಟ್ಟಿಯಾಗಿತ್ತು. ಮನೆಯ ಮುಂದಿನ ಕೋಣೆಯೇ ಅವನ ಟೈಲರ್ ಅಂಗಡಿ. ಹೊಲಿಗೆಯ ಗೆರೆಯಿಂದಾಚೆ ಅರ್ಧ ಇಂಚು ಅಂಚು ಬಿಡದೆ ಅವನು ಎಂದೂ ಕತ್ತರಿ ಆಡಿಸಿದವನಲ್ಲ. "ಅಂಚು ಬಿಟ್ರೆ ಬಟ್ಟೆ ಬಾಳುತ್ತೆ, ಅಂಚು ತಿಂದ್ರೆ ಹೊಲಿಗೆ ಕಿತ್ತುಕೊಳ್ಳುತ್ತೆ" ಎಂದು ಬಂದವರಿಗೆಲ್ಲ ಹೇಳಿ ಹೇಳಿ ಅವನೇ 'ಅರ್ಧ ಇಂಚು' ಆಗಿಹೋಗಿದ್ದ. ತನಗೆ ಗೊತ್ತಿಲ್ಲದ್ದು ಈ ಲೋಕದಲ್ಲಿ ಹೆಚ್ಚೆಂದರೆ ಅರ್ಧ ಇಂಚಿನಷ್ಟು ಎಂದೂ ಅವನು ನಂಬಿದ್ದ.

ಮಷಿನ್ ಮಾರುವ ಮಾತು ಬಂದದ್ದು ಜೋಮಿನಿಂದ. ನಾಲ್ಕು ತಿಂಗಳಿಂದ ಕಸೂತಿಯಮ್ಮನ ಕೈ ಜೋಮು ಹಿಡಿಯುತ್ತಿತ್ತು. ಮಷಿನ್ ಮುಂದೆ ಕೂತರೆ ಸಾಕು, ಬೆರಳ ತುದಿಯಿಂದ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಹೊಲಿಯುವವರ ಮನೆಗೆ ಜೋಮು ಹೊಸ ನೆಂಟನೇನಲ್ಲ. ಅವಳ ತಾಯಿಗೂ ಬಂದಿತ್ತು, ಅಕ್ಕನಿಗೂ ಬಂದಿತ್ತು. "ವಯಸ್ಸಾಯ್ತಲ್ಲ, ವಾತ ಕಣೇ" ಎಂದ ಅರ್ಧ ಇಂಚು. ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರಿನ ಶಾಖ ಕೊಟ್ಟಿದ್ದಾಯಿತು. ಜೋಮು ಜಪ್ಪಯ್ಯ ಅಂದರೂ ಹೋಗಲಿಲ್ಲ.

ಇದೇ ಹೊತ್ತಿಗೆ ಶಾಲೆಯ ಬ್ಯಾಂಡ್ ತಂಡದ ನಲವತ್ತು ಕೋಟು ಬಂದವು. ಪ್ರತಿ ಕೋಟಿನ ಎದೆಯ ಮೇಲೂ ರೆಕ್ಕೆ ಬಿಚ್ಚಿದ ಹಕ್ಕಿಯೊಂದನ್ನು ಹೊಲಿಯಬೇಕು. ಏಳು ಹಕ್ಕಿ ಮುಗಿದವು. ಎಂಟನೆಯದರ ರೆಕ್ಕೆ ಹೊಲಿಯುವಾಗ ಕೈ ತಟ್ಟನೆ ಹಾರಿತು, ಬಟ್ಟೆ ಸರಿಯಿತು, ಸೂಜಿ ಲಟಕ್ಕೆಂದಿತು. ಮುರಿದ ಸೂಜಿಯನ್ನು ಅಂಗೈಯಲ್ಲಿಟ್ಟುಕೊಂಡು ಅವಳು ನೋಡಿದಳು. ಕೈಯೇ ಮಾತು ಕೇಳದ ಮೇಲೆ ತಾನು ಇನ್ಯಾತರ ಕಸೂತಿಯಮ್ಮ ಎನಿಸಿ ದುಃಖ ಉಕ್ಕಿ ಬಂತು. ಅಂದೇ ಟೋಪಿಯವನಿಗೆ ಹೇಳಿ ಕಳಿಸಿದಳು.

ಬುಧವಾರ ಸಂಜೆ ಸೊಸೆ ಕೆಲಸದಿಂದ ಬಂದಳು. ಅವಳು ಆ ಮನೆಗೆ ಬಂದು ಆರು ತಿಂಗಳಾಗಿತ್ತು. ಅವಳ ಗಂಡ ದೂರದೂರಿಗೆ ಬಸ್ಸು ಓಡಿಸುವವನು, ವಾರಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಅವಳ ಕೆಲಸ ಅಡಾಪ್ಟರ್ ಮಾಡುವ ಕಾರ್ಖಾನೆಯಲ್ಲಿ. ಗೋಡೆಯ ಕರೆಂಟನ್ನು ಇಳಿಸಿ ಕಂಪ್ಯೂಟರಿಗೋ ಟಿವಿಗೋ ಕೊಡುವ ಕಪ್ಪು ಡಬ್ಬಿ ಇರುತ್ತದಲ್ಲ, ಅದನ್ನು ಒಂದೊಂದಾಗಿ ಪರೀಕ್ಷೆ ಮಾಡಿ ಪಾಸು, ಫೇಲು ಹೇಳುವವಳು ಅವಳೇ. ಮಾವ ಅದನ್ನು 'ಡಬ್ಬಿ ನೋಡೋ ಕೆಲಸ' ಎಂದು ನಾಲ್ಕು ಜನರ ಮುಂದೆ ಛೇಡಿಸುತ್ತಿದ್ದ. ಹಾಗಾಗಿ ಡಬ್ಬಿಯ ಬಗ್ಗೆ ಅವಳನ್ನು ಮನೆಯಲ್ಲಿ ಯಾರೂ ಏನೂ ಕೇಳಿರಲಿಲ್ಲ.

ಅತ್ತೆ ಎಣ್ಣೆಯ ಬಟ್ಟಲು ಹಿಡಿದು ಕೂತಿರುವುದನ್ನು ನೋಡಿ ಸೊಸೆ ಪಕ್ಕದಲ್ಲಿ ಕೂತಳು.

"ಕೊಡಿ ಅತ್ತೆ, ನಾನು ತಿಕ್ತೀನಿ. ಈ ಜೋಮು ಯಾವಾಗ ಬರುತ್ತೆ? ಬೆಳಿಗ್ಗೆ ಏಳುವಾಗ ಇರುತ್ತಾ?"

"ಇಲ್ಲಮ್ಮ. ಮಷಿನ್ ಮುಂದೆ ಕೂತಾಗ ಮಾತ್ರ."

"ಕೂತ ತಕ್ಷಣವೋ, ಮಷಿನ್ ಮುಟ್ಟಿದ ಮೇಲೋ?"

ಕಸೂತಿಯಮ್ಮ ಯೋಚಿಸಿದಳು. ಇದನ್ನು ಯಾರೂ ಕೇಳಿರಲಿಲ್ಲ. "ಮುಟ್ಟಿದ ಮೇಲೆ. ಕೈ ತೆಗೆದ್ರೆ ಹೋಗುತ್ತೆ."

"ಮತ್ತೆ ಯಾವ ದಿನ ಜಾಸ್ತಿ?"

"ನೆಲ ಒರೆಸಿದ ದಿನ. ತಂಪು ನೋಡು, ವಾತಕ್ಕೆ ತಂಪು ಆಗಲ್ಲ. ಚಪ್ಪಲಿ ಹಾಕ್ಕೊಂಡು ಕೂತರೆ ಪರವಾಗಿಲ್ಲ. ಆದ್ರೆ ಕಾಲಡಿ ಪೆಡಲ್ ತುಳಿಯೋಕೆ ಬರಿಗಾಲೇ ಚೆಂದ."

ಸೊಸೆಯ ಕೈ ಅಲ್ಲಿಗೇ ನಿಂತಿತು. "ಅತ್ತೆ, ಕೈಗೆ ಹಿಡಿದ ಜೋಮು ಬಿಡೋಕೆ ಒಂದಷ್ಟು ಹೊತ್ತು ಬೇಕು. ಮಷಿನ್ ಬಿಟ್ಟ ತಕ್ಷಣ ಹೋಗೋದು ಜೋಮಲ್ಲ. ಅದು ಕರೆಂಟು!"

ಅಂಗಡಿಯಲ್ಲಿ ಕತ್ತರಿಯ ಸದ್ದು ನಿಂತು, ಅರ್ಧ ಇಂಚು ಒಳಗೆ ಬಂದ. "ಕರೆಂಟಂತೆ! ಕರೆಂಟ್ ಹೊಡೆದ್ರೆ ಮನುಷ್ಯ ಗೋಡೆಗೆ ಹೋಗಿ ಬೀಳ್ತಾನೆ. ಇವಳು ನಾಲ್ಕು ತಿಂಗಳಿಂದ ಗುಂಡುಕಲ್ಲಿನ ಹಾಗಿದ್ದಾಳೆ. ನಾನೂ ದಿನಾ ಮುಟ್ತೀನಲ್ಲ, ನನಗ್ಯಾಕೆ ಹೊಡೆಯಲ್ಲ?"

"ನೀವು ಅಂಗಡಿಯಲ್ಲಿ ಯಾವಾಗ್ಲೂ ರಬ್ಬರ್ ಚಪ್ಪಲಿ ಹಾಕಿರ್ತೀರ ಮಾವ. ಅತ್ತೆ ಬರಿಗಾಲು."

ಮಾವ ಕಾಲು ನೋಡಿಕೊಂಡ. ಸೊಸೆ ಎದ್ದು ಮಷಿನ್ ಹಿಂದೆ ಹೋಗಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತಳು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಇದ್ದದ್ದು ಎರಡೇ. ಉದ್ದನೆಯ ಮೂರನೆಯ ಪಿನ್ ಬುಡಕ್ಕೇ ತುಂಡಾಗಿತ್ತು.

"ಇದನ್ನ ಯಾರು ಕತ್ತರಿಸಿದ್ದು?"

"ನಾನೇ!" ಅರ್ಧ ಇಂಚು ಎದೆ ಉಬ್ಬಿಸಿದ. "ಎಕ್ಸ್‌ಟೆನ್ಷನ್ ಬಾಕ್ಸಲ್ಲಿ ಎರಡೇ ತೂತು. ಎರಡರಲ್ಲೇ ಮಷಿನ್ ಓಡುತ್ತೆ. ಆ ಮೂರನೇದು ಸೋಮಾರಿ ಪಿನ್, ಏನೂ ಕೆಲಸ ಮಾಡಲ್ಲ."

"ಮತ್ತೆ ವೈರಿನ ಮಧ್ಯೆ ಇರೋ ಈ ಅಡಾಪ್ಟರ್?"

"ಹಳೇದು ಸುಟ್ಟುಹೋಯ್ತು. ನಾಲ್ಕು ತಿಂಗಳ ಹಿಂದೆ ಫುಟ್‌ಪಾತಲ್ಲಿ ತಂದೆ. ಅರ್ಧ ಬೆಲೆ!"

ನಾಲ್ಕು ತಿಂಗಳು. ಕಸೂತಿಯಮ್ಮ ಗಂಡನ ಮುಖ ನೋಡಿದಳು. ತನ್ನ ಜೋಮಿಗೂ ಅಷ್ಟೇ ವಯಸ್ಸು.

ಸೊಸೆ ಬ್ಯಾಗಿನಿಂದ ಮೀಟರ್ ತೆಗೆದಳು. ಚಪ್ಪಲಿ ಮೆಟ್ಟಿ, "ಇದು ನನ್ನ ದಿನದ ಕೆಲಸ, ನೀವ್ಯಾರೂ ಮಾಡೋಕೆ ಹೋಗ್ಬೇಡಿ" ಎಂದು ಇಬ್ಬರನ್ನೂ ದೂರ ನಿಲ್ಲಿಸಿ, ಪ್ಲಗ್ ಮತ್ತೆ ಸಿಕ್ಕಿಸಿ ಮಷಿನ್ ಚಾಲೂ ಮಾಡಿದಳು. ಮೀಟರಿನ ಒಂದು ಕಡ್ಡಿ ಮಷಿನ್‌ನ ಲೋಹದ ಮೈಗೆ, ಇನ್ನೊಂದು ನಲ್ಲಿಯ ಕಬ್ಬಿಣದ ಪೈಪಿಗೆ. ನೂರಾ ಹನ್ನೆರಡು ವೋಲ್ಟ್ ಎಂದು ಮೀಟರ್ ತೋರಿಸಿತು. ತಕ್ಷಣ ಪ್ಲಗ್ ಕಿತ್ತುಹಾಕಿದಳು.

"ವೋಲ್ಟ್ ಜಾಸ್ತಿ ಕಂಡ್ರೂ ಸೋರೋ ಕರೆಂಟ್ ಚೂರೇ, ಇಂಥ ಮಷಿನ್‌ಗಳಲ್ಲಿ ಅದು ಸಹಜ ಮಾವ. ಅದನ್ನ ನೆಲಕ್ಕೆ ಇಳಿಸೋದೇ ಆ ಮೂರನೇ ಪಿನ್ನಿನ ಕೆಲಸ. ನೀವು ಆ ದಾರಿ ಮುಚ್ಚಿದ್ರಿ, ಅದು ಅತ್ತೆಯ ಕೈಯಿಂದ ಕಾಲಿಗೆ ದಾರಿ ಮಾಡ್ಕೊಂಡಿತು. ಇಷ್ಟು ದಿನ ಬಂದಿದ್ದು ಬರೀ ಸೋರಿಕೆ. ಅಡಾಪ್ಟರ್ ಒಳಗೇ ಕೆಟ್ಟ ದಿನ ಗೋಡೆಯ ಕರೆಂಟ್ ಪೂರ್ತಿ ಬರುತ್ತೆ. ಅವತ್ತು ಜೋಮು ಅನ್ನೋಕೂ ಅತ್ತೆ ಇರಲ್ಲ."

"ಮೀಟರ್ ಸುಳ್ಳು ಹೇಳಬಹುದು" ಎಂದ ಅರ್ಧ ಇಂಚು. ಆದರೆ ದನಿ ತೆಳ್ಳಗಾಗಿತ್ತು. "ಒಳಗೆ ಕೆಡುತ್ತೆ ಅಂತ ನೀನು ಹೊರಗಿಂದ ಹೆಂಗೆ ಹೇಳ್ತೀಯ?"

"ನಾಳೆ ತೋರಿಸ್ತೀನಿ. ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಅಡಗಿರುತ್ತೆ." ಅಡಾಪ್ಟರನ್ನು ಬ್ಯಾಗಿಗೆ ಹಾಕಿಕೊಂಡು, ಮಷಿನ್ ಮೇಲೆ ಒಂದು ಬಟ್ಟೆ ಮುಚ್ಚಿದಳು.

ಆ ರಾತ್ರಿ ಕಸೂತಿಯಮ್ಮ ತನ್ನ ಕೈಯನ್ನು ಎಷ್ಟು ಸಲ ಮಡಚಿ ಬಿಡಿಸಿ ನೋಡಿದಳೋ ಲೆಕ್ಕವಿಲ್ಲ. ಸೊಸೆಯ ಮಾತು ನಿಜವಾಗಲಿ ಎಂದು ಆಸೆ. ನಿಜವಲ್ಲದಿದ್ದರೆ ಎಂಬ ಭಯ ಅದರ ಹಿಂದೆಯೇ.

ಗುರುವಾರ ಸಂಜೆ ಸೊಸೆ ಕತ್ತರಿಸುವ ಮೇಜಿನ ಮೇಲೆ ಎರಡು ಅಡಾಪ್ಟರ್ ಇಟ್ಟಳು. ಎರಡರ ಹೊಟ್ಟೆಯೂ ಬಿಚ್ಚಿತ್ತು. ಒಂದು ಅವರ ಕಾರ್ಖಾನೆಯದು, ಪರೀಕ್ಷೆಯಲ್ಲಿ ಪಾಸಾದದ್ದು. ಇನ್ನೊಂದು ಫುಟ್‌ಪಾತಿನದು.

"ಮಾವ, ನಿಮ್ಮ ಟೇಪ್ ಕೊಡಿ. ಈ ಕಡೆ ಗೋಡೆಯಿಂದ ಬರೋ ದೊಡ್ಡ ಕರೆಂಟ್. ಆ ಕಡೆ ಮಷಿನ್‌ಗೆ ಹೋಗೋ ಸಣ್ಣ ಕರೆಂಟ್. ಎರಡರ ಮಧ್ಯೆ ಒಂದು ಖಾಲಿ ಜಾಗ ಬಿಡಲೇಬೇಕು ಅಂತ ನಿಯಮ ಇದೆ. ಅಳೆದು ನೋಡಿ."

ಅಳತೆ ಎಂದ ಮೇಲೆ ಅರ್ಧ ಇಂಚು ಸುಮ್ಮನಿರುವವನಲ್ಲ. ಕನ್ನಡಕ ಏರಿಸಿದ. "ನಿಮ್ಮದರಲ್ಲಿ ಎಂಟು ಮಿಲಿಮೀಟರ್. ಇದರಲ್ಲಿ..." ಟೇಪನ್ನು ಹಾಗಿಟ್ಟ, ಹೀಗಿಟ್ಟ. ಡಬ್ಬಿಯನ್ನು ಬಾಗಿಲ ಬೆಳಕಿಗೆ ಒಯ್ದ. "ಇದರಲ್ಲಿ ಒಂದು ಮಿಲಿಮೀಟರೂ ಇಲ್ವಲ್ಲ! ಇದೇನಿದು ಕಪ್ಪಗೆ?"

"ಸುಡೋಕೆ ಶುರುವಾಗಿದೆ. ಇನ್ನೆಷ್ಟು ದಿನ ತಡೀತಿತ್ತೋ ಹೇಳೋಕಾಗಲ್ಲ. ನಾವು ಸಾವಿರಾರು ವೋಲ್ಟ್ ಕೊಟ್ಟು ತಡೆಯುತ್ತಾ ಅಂತ ನೋಡಿ, ಆಮೇಲೆ ಮುದ್ರೆ ಒತ್ತೋದು. ಇದರ ಮೇಲೆ ಮುದ್ರೆಯೂ ಇಲ್ಲ, ಮಾಡಿದವರ ಹೆಸರೂ ಇಲ್ಲ."

ಅರ್ಧ ಇಂಚಿನ ಮುಖ ಕೆಂಪಾಯಿತು. ಬಟ್ಟೆಯಲ್ಲಿ ಅಂಚು ತಿಂದ ಟೈಲರನ್ನು ಅವನು ಜನ್ಮದಲ್ಲಿ ಕ್ಷಮಿಸಿದವನಲ್ಲ. "ಇವನ ಮನೆ ಹಾಳಾಗ! ಅಂಚೇ ಬಿಟ್ಟಿಲ್ವಲ್ಲ! ಅಂಚು ತಿಂದಿದ್ದಾನಲ್ಲ ಕಳ್ಳ!" ಎಂದು ಮೇಜು ಗುದ್ದಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ವಾತ ವಾತ ಅಂತ ನಾನೇ ನಿನ್ನನ್ನ ದಿನಾ ಅದರ ಮುಂದೆ ಕೂರಿಸಿದೆನಲ್ಲೇ. ಪಿನ್ನೂ ನಾನೇ ಕತ್ತರಿಸಿದೆ."

"ಆಯ್ತು ಬಿಡಿ" ಎಂದಳು ಕಸೂತಿಯಮ್ಮ. ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ. "ಹಂಗಾದ್ರೆ ನನ್ನ ಕೈ ಸರಿಯಾಗಿದೆಯಾ?"

"ನಿಮ್ಮ ಕೈಗೆ ಏನೂ ಆಗಿಲ್ಲ ಅತ್ತೆ."

ಶುಕ್ರವಾರ ಬೆಳಕು ಹರಿಯುತ್ತಿದ್ದಂತೆ ಸೊಸೆ ಕರೆಸಿದ್ದ, ಲೈಸೆನ್ಸ್ ಇರುವ ವೈರಿಂಗ್ ಮೇಸ್ತ್ರಿ ಬಂದ. ಎಕ್ಸ್‌ಟೆನ್ಷನ್ ಬಾಕ್ಸನ್ನು ಕಸಕ್ಕೆ ಎಸೆದ. ಗೋಡೆಯ ಸಾಕೆಟ್ಟಿಗೆ ಮೂರು ತೂತು ಇದ್ದವು, ಆದರೆ ಮೂರನೆಯದರ ಹಿಂದೆ ತಂತಿಯೇ ಇರಲಿಲ್ಲ. ಅಂಗಳದಲ್ಲಿ ಗುಂಡಿ ತೋಡಿ ನೆಲಕ್ಕೆ ಅರ್ಥಿಂಗ್ ಇಳಿಸಿ, ಅಲ್ಲಿಂದ ಪ್ರತಿ ಸಾಕೆಟ್ಟಿಗೂ ಹಸಿರು ತಂತಿ ಎಳೆದ. ಮೀಟರ್ ಬೋರ್ಡಿನ ಪಕ್ಕ ಕರೆಂಟ್ ಸೋರಿದರೆ ತಾನಾಗಿ ಬೀಳುವ ಟ್ರಿಪ್ ಸ್ವಿಚ್ ಕೂರಿಸಿ, ಅದರ ಮೇಲಿನ ಗುಂಡಿ ಒತ್ತಿದ. ಮನೆಯ ದೀಪಗಳೆಲ್ಲ ಆರಿದವು.

"ಅಯ್ಯೋ, ಕರೆಂಟೇ ಹೋಯ್ತಲ್ಲ ಮಾರಾಯ!" ಎಂದು ಅರ್ಧ ಇಂಚು ಬೊಬ್ಬೆ ಹಾಕಿದ.

"ಹೋಗಬೇಕು ಯಜಮಾನ್ರೇ! ಹೋದ್ರೇನೇ ಸ್ವಿಚ್ ಸರಿ ಇದೆ ಅಂತ. ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದಾಗ ಹೋಗದಿದ್ರೆ ಮಾತ್ರ ನನ್ನನ್ನ ಕರೀರಿ" ಎಂದು ಮೇಸ್ತ್ರಿ ಸ್ವಿಚ್ ಮೇಲೆತ್ತಿದ.

ಸೊಸೆ ಮಷಿನ್ ಕಂಪನಿಯ ಅಧಿಕೃತ ಅಂಗಡಿಯಿಂದ ತಂದಿದ್ದ ಹೊಸ ಅಡಾಪ್ಟರ್ ತೆಗೆದಳು. ಅದರ ಮುದ್ರೆಯನ್ನು ಮಾವನಿಗೆ ತೋರಿಸಿದಳು. ವೋಲ್ಟ್, ಆಂಪಿಯರ್ ಎರಡೂ ಮಷಿನ್ ಮೇಲೆ ಬರೆದ ಹಾಗೇ ಇವೆಯೇ ಎಂದು ಅವನಿಂದಲೇ ಓದಿಸಿದಳು. ಮೂರು ಪಿನ್ನೂ ಸಾಕೆಟ್ಟಿನಲ್ಲಿ ಗಟ್ಟಿಯಾಗಿ ಕೂತವು. ಮೀಟರ್ ಹಚ್ಚಿದಾಗ ಅಂಕಿ ಸೊನ್ನೆಯ ಹತ್ತಿರ ನಿಂತಿತು.

"ಈಗ ಕೂತ್ಕೊಳ್ಳಿ ಅತ್ತೆ."

ಅಷ್ಟರಲ್ಲಿ ಟೋಪಿಯವನು ಕೈಗಾಡಿ ತಳ್ಳಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ. ಯಾರೂ ಅವನ ಕಡೆ ನೋಡಲಿಲ್ಲ. ಕಸೂತಿಯಮ್ಮ ಸ್ಟೂಲಿನ ಮೇಲೆ ಕೂತಳು. ಮೊದಲು ಕಿರುಬೆರಳು ಮುಟ್ಟಿಸಿದಳು. ಆಮೇಲೆ ಇಡೀ ಅಂಗೈ ಇಟ್ಟಳು.

"ಏನೇ? ಏನಾಯ್ತೇ?" ಅರ್ಧ ಇಂಚು ಪಕ್ಕಕ್ಕೇ ಬಂದು ಬಗ್ಗಿದ.

"ಏನೂ ಇಲ್ಲ ರೀ" ಎಂದಳು. ಕಣ್ಣು ತುಂಬಿ ಬಂತು. "ತಣ್ಣಗಿದೆ. ಬರೀ ಮಷಿನ್ನು, ಅಷ್ಟೇ!"

ಹೊಸ ಸೂಜಿ ಹಾಕಿ, ಎಂಟನೆಯ ಕೋಟು ಎಳೆದುಕೊಂಡಳು. ಕೈ ಒಂದು ಎಳೆಯಷ್ಟೂ ಕದಲಲಿಲ್ಲ. ಅರ್ಧಕ್ಕೇ ನಿಂತಿದ್ದ ರೆಕ್ಕೆ ಗರಿ ಗರಿಯಾಗಿ ತುಂಬಿಕೊಂಡಿತು. ಮೇಸ್ತ್ರಿ ಚಪ್ಪಾಳೆ ತಟ್ಟಿದ. ಟೋಪಿಯವನು ಮೆಲ್ಲಗೆ ಕೆಮ್ಮಿ, "ಅಮ್ಮಾ, ಮಷಿನ್..." ಎಂದ.

"ಮಷಿನ್ ಮಾರಾಟಕ್ಕಿಲ್ಲಪ್ಪ!" ಅರ್ಧ ಇಂಚು ಬೀದಿಗೆಲ್ಲ ಕೇಳುವಂತೆ ಕೂಗಿದ. "ನೀನು ಟೋಪಿ ಹೊಲಿಯೋನು, ನನಗೆ ಟೋಪಿ ಹಾಕಿದೋನು ಬೇರೆ. ಕೂತ್ಕೋ, ನಿನ್ನ ಅಂಗಡಿಯಲ್ಲಿ ಯಾವ ಅಡಾಪ್ಟರ್ ಇದೆ ಹೇಳು. ಮುದ್ರೆ ಇದೆಯಾ? ಇಲ್ಲಾಂದ್ರೆ ನನ್ನ ಸೊಸೆ ಇದ್ದಾಳೆ. ದೊಡ್ಡ ಪರೀಕ್ಷಕಿ ಅವಳು, ಗೊತ್ತಾ?"

ಡಬ್ಬಿ ನೋಡುವವಳು ಪರೀಕ್ಷಕಿಯಾದದ್ದು ಕೇಳಿ ಸೊಸೆ ನಗು ತಡೆಯಲಾಗದೆ ಒಳಗೆ ಓಡಿದಳು.

ಹತ್ತು ದಿನಕ್ಕೆ ನಲವತ್ತು ಕೋಟೂ ಮುಗಿದವು. ಬ್ಯಾಂಡಿನ ಮಕ್ಕಳು ಡೋಲು ಬಾರಿಸುತ್ತ, ಕಹಳೆ ಊದುತ್ತ ಆ ಬೀದಿಯಲ್ಲೇ ಬಂದರು. ಕಸೂತಿಯಮ್ಮ ಬಾಗಿಲಲ್ಲಿ ನಿಂತು ಒಂದೊಂದೇ ಎದೆಯ ಮೇಲಿನ ಹಕ್ಕಿ ನೋಡಿದಳು. ಯಾವುದು ಎಂಟನೆಯದು ಎಂದು ಅವಳಿಗೇ ಗುರುತು ಹತ್ತಲಿಲ್ಲ. ಮಕ್ಕಳು ಕೈ ಬೀಸಿದರು. ಅವಳು ಎರಡೂ ಕೈ ಎತ್ತಿ ಬೀಸಿದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಫ್ರಿಜ್ಜನ್ನೋ, ಕಂಪ್ಯೂಟರನ್ನೋ, ಮಷಿನ್ನನ್ನೋ ಮುಟ್ಟಿ "ಜುಮ್ ಅಂತು" ಎಂದರೆ ನಗಬೇಡಿ, ನಾಳೆ ನೋಡೋಣ ಎನ್ನಬೇಡಿ. ಅದನ್ನು ಮತ್ತೆ ಮುಟ್ಟದೆ ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ಕೀಳಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, ಟ್ರಿಪ್ ಸ್ವಿಚ್ ಇಲ್ಲದಿದ್ದರೆ ಹಾಕಿಸಿ. ಪ್ಲಗ್ಗಿನ ಪಿನ್ ಕತ್ತರಿಸಬೇಡಿ. ಅಡಾಪ್ಟರ್ ಕೊಳ್ಳುವಾಗ ಸುರಕ್ಷತೆಯ ಮುದ್ರೆ, ಮಾಡಿದವರ ಹೆಸರು, ನಿಮ್ಮ ಉಪಕರಣ ಕೇಳುವ ವೋಲ್ಟ್ ಮತ್ತು ಆಂಪಿಯರ್ ಓದಿಯೇ ಕೊಳ್ಳಿ. ಈಗಲೇ ಎದ್ದು ಹೋಗಿ ನಿಮ್ಮ ಮನೆಯ ಒಂದು ಪ್ಲಗ್ ನೋಡಿ ಬನ್ನಿ. ದಿನವೂ ಅದರ ಮುಂದೆ ಕೂರುವವರು ನಿಮ್ಮವರೇ.